ಕನ್ನಡಕ ಕಳಚಲು ಸಕಾಲ ಯಾವುದು?

ಮಗಳ ಮದುವೆಯ ಮಾತು ಆರಂಭವಾದೊಡನೆ ನಮ್ಮ ಅನೇಕ ಮನೆಗಳಲ್ಲಿ ಏಳುವ ಪ್ರಶ್ನೆಯೊಂದಿದೆ: “ಲೇಸರ್ ಚಿಕಿತ್ಸೆ ಮಾಡಿಸಿ ಕನ್ನಡಕ ತೆಗೆಸಿಬಿಡೋಣವೇ?” ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮದುವೆಯ ದಿನವನ್ನು ಹಿರಿಯರು ಗೊತ್ತುಮಾಡಿದಂತೆ ಈ ಚಿಕಿತ್ಸೆಯ ದಿನವನ್ನು ಗೊತ್ತುಮಾಡಲಾಗದು. ಅದನ್ನು ನಿರ್ಧರಿಸಬೇಕಾದುದು ಕಣ್ಣಿನ ಸ್ಥಿತಿ.

ಲ್ಯಾಸಿಕ್ ಚಿಕಿತ್ಸೆಯಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ತೆಳುಪದರವನ್ನು ಎತ್ತಿ, ಅದರ ಕೆಳಭಾಗವನ್ನು ಲೇಸರ್ ಕಿರಣದಿಂದ ಸವೆಸಿ, ಪದರವನ್ನು ಮತ್ತೆ ಮುಚ್ಚುತ್ತಾರೆ. ಸವೆದ ಭಾಗ ಮರಳಿ ಬೆಳೆಯುವುದಿಲ್ಲ. ಆದುದರಿಂದಲೇ ಇಲ್ಲಿ ಆತುರ ಸಲ್ಲದು.

ಮೊದಲನೆಯದಾಗಿ, ವಯಸ್ಸು 18 ತುಂಬಿರಬೇಕು. ಅಷ್ಟೇ ಸಾಲದು, ಕನ್ನಡಕದ ನಂಬರು ಕನಿಷ್ಠ ಒಂದು ವರ್ಷ ಸ್ಥಿರವಾಗಿರಬೇಕು. ಕೆಲವರಲ್ಲಿ 20 ದಾಟಿದ ಮೇಲೂ ನಂಬರು ಏರುತ್ತಲೇ ಇರುತ್ತದೆ. ಏರುವಾಗಲೇ ಚಿಕಿತ್ಸೆ ಮಾಡಿಸಿದರೆ ಕನ್ನಡಕ ಮತ್ತೆ ಬರುವುದು. ಹಳೆಯ ಚೀಟಿಗಳನ್ನು ಜೋಪಾನವಾಗಿಟ್ಟಿದ್ದರೆ ವೈದ್ಯರಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಎರಡನೆಯದು, ಕಾರ್ನಿಯಾದ ದಪ್ಪ ಮತ್ತು ಆಕಾರದ ಪರೀಕ್ಷೆ. ಅದು ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಎಂಬ ರೋಗವಿದ್ದವರಿಗೆ ಲ್ಯಾಸಿಕ್ ಹಾನಿಕರ. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನು ಬದಲಿಸುವುದರಿಂದ, ಮೃದು ಲೆನ್ಸನ್ನು ಸುಮಾರು 2 ವಾರ, ಗಡುಸು ಲೆನ್ಸನ್ನು ಅದಕ್ಕಿಂತ ಹೆಚ್ಚು ಕಾಲ ಬಿಟ್ಟು ಪರೀಕ್ಷೆಗೆ ಹೋಗಬೇಕು. ಕಣ್ಣು ತೀರ ಒಣಗುವವರು ಮೊದಲು ಅದಕ್ಕೆ ಚಿಕಿತ್ಸೆ ಪಡೆಯಬೇಕು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಕಾಯುವುದು ಒಳಿತು. ಆ ಕಾಲದಲ್ಲಿ ನಂಬರು ವ್ಯತ್ಯಾಸವಾಗಬಹುದು. ನಲವತ್ತರ ಸುಮಾರಿನವರು ಇನ್ನೊಂದು ಮಾತನ್ನು ತಿಳಿದಿರಲಿ: ದೂರದ ದೃಷ್ಟಿ ಸರಿಹೋದರೂ ಓದುವ ಕನ್ನಡಕ ಬೇಕಾಗಬಹುದು.

ಎಲ್ಲವೂ ಅನುಕೂಲವಾಗಿದ್ದರೂ ಮದುವೆಯ ಹಿಂದಿನ ವಾರ ಬೇಡ. ಚಿಕಿತ್ಸೆಯ ನಂತರ ಕೆಲವು ವಾರ ಕಣ್ಣನ್ನು ಉಜ್ಜಬಾರದು. ಕಾಡಿಗೆ, ಧೂಳು, ಹೊಗೆಗಳಿಂದ ದೂರವಿರಬೇಕು. ಅರಿಸಿನ ಹಚ್ಚುವ ಮನೆಯಲ್ಲಿ ಮದುಮಗಳಿಗೆ ಇದು ಸಾಧ್ಯವೇ? ಕಣ್ಣು ಒಣಗುವುದು, ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣುವುದು ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಕೆಲವರಲ್ಲಿ ಹಾಗೆಯೇ ಉಳಿಯುವುದೂ ಉಂಟು.

ವೈದ್ಯರು “ಈಗ ಬೇಡ” ಎಂದರೆ, ಒಪ್ಪುವವರನ್ನು ಹುಡುಕಿಕೊಂಡು ಅಲೆಯದಿರೋಣ. ಕನ್ನಡಕ ತೊಟ್ಟ ಕನ್ಯೆ ಬೇಡವೆನ್ನುವ ಮನೆಗಾಗಿ ಮಗಳ ಕಣ್ಣನ್ನು ಅಪಾಯಕ್ಕೊಡ್ಡುವುದು ಉಚಿತವಲ್ಲ. ಕಣ್ಣು ಅವಳದು, ಕಡೆಯ ಮಾತೂ ಅವಳದೇ ಆಗಿರಲಿ.