ಲೈಮ್ ಕಾಯಿಲೆ: ಟೆಸ್ಟ್ ನೆಗೆಟಿವ್ ಬಂದರೆ ಮಗುವಿಗೆ ಕಾಯಿಲೆ ಇಲ್ಲ ಅಂತಲೇ?

ಅಮೆರಿಕದ ಕನೆಕ್ಟಿಕಟ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ಕಡೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಬೇಸಿಗೆ ಬಂತೆಂದರೆ ಒಂದು ಆತಂಕ ಶುರು. ಮಗು ಹುಲ್ಲಿನಲ್ಲಿ ಆಡಿ ಬಂದಿದೆ, ಕೆಲವು ದಿನಗಳ ನಂತರ ಜ್ವರ, ಮೈಮೇಲೆ ಕೆಂಪು ಮಚ್ಚೆ. ಲೈಮ್ ಇರಬಹುದಾ?

ಉಣುಗಿನಿಂದ ಬರುವ ಕಾಯಿಲೆ ಅಂದ ತಕ್ಷಣ ನಮಗೆ ನೆನಪಾಗುವುದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಅದು ವೈರಸ್‌ನಿಂದ ಬರುವಂಥದ್ದು, ಅದಕ್ಕೆಂದೇ ಇರುವ ಔಷಧಿ ಇಲ್ಲ. ಲೈಮ್ ಬರುವುದು ಬೊರೇಲಿಯಾ ಎಂಬ ಬ್ಯಾಕ್ಟೀರಿಯಾದಿಂದ. ಬಹುತೇಕ ಮಕ್ಕಳು ಸಾಮಾನ್ಯ ಆಂಟಿಬಯೋಟಿಕ್‌ನಿಂದಲೇ ಗುಣವಾಗುತ್ತಾರೆ. ಕಷ್ಟ ಇರುವುದು ಗುರುತಿಸುವುದರಲ್ಲಿ.

ಮೀಟರ್ ಏನನ್ನು ಅಳೆಯುತ್ತಿದೆ?

ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಹೋದ ವರ್ಷ ಅಲ್ಲಿಂದ ಫೋನ್ ಮಾಡಿದ್ದ. "ಟೆಸ್ಟ್ ನೆಗೆಟಿವ್ ಬಂದಿದೆ ಕಣೋ. ಆದ್ರೆ ಮಗಳ ಬೆನ್ನ ಮೇಲಿನ ಮಚ್ಚೆ ದಿನಾ ದೊಡ್ಡದಾಗ್ತಿದೆ. ಯಾವುದನ್ನ ನಂಬ್ಲಿ?" ಮಚ್ಚೆಯ ಫೋಟೋಗಳನ್ನು ನೋಡಿದ ಮಕ್ಕಳ ವೈದ್ಯರು ಮತ್ತೆ ಟೆಸ್ಟ್ ಕೂಡ ಮಾಡಿಸದೆ ಔಷಧಿ ಶುರು ಮಾಡಿದರು. ಅವನಿಗೆ ಆಶ್ಚರ್ಯ. ಆದರೆ ವೈದ್ಯಕೀಯ ಮಾರ್ಗಸೂಚಿ ಹೇಳುವುದೂ ಅದನ್ನೇ.

ಕಾರಣ ಸರಳ. ರೀಡಿಂಗ್ ನಂಬುವ ಮೊದಲು ಮೀಟರ್ ಏನನ್ನು ಅಳೆಯುತ್ತಿದೆ ಅಂತ ನೋಡಬೇಕು ಎಂಬುದು ಲ್ಯಾಬ್‌ನಲ್ಲಿ ಕಲಿಯುವ ಮೊದಲ ಪಾಠ. ಲೈಮ್‌ನ ರಕ್ತಪರೀಕ್ಷೆ ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಅವು ರಕ್ತದಲ್ಲಿ ಸಾಕಷ್ಟು ಕಾಣಿಸಿಕೊಳ್ಳಲು ಕೆಲವು ವಾರ ಬೇಕು. ಮಚ್ಚೆಯೋ ಉಣುಗು ಕಚ್ಚಿದ 3ರಿಂದ 30 ದಿನಗಳೊಳಗೆ, ಹೆಚ್ಚಾಗಿ ಒಂದು ವಾರದ ಹೊತ್ತಿಗೆ, ಬಂದುಬಿಡುತ್ತದೆ. ಆಗ ಬಂದ ನೆಗೆಟಿವ್‌ಗೆ ಅರ್ಥ "ಇನ್ನೂ ಗೊತ್ತಾಗುತ್ತಿಲ್ಲ" ಅಂತ ಅಷ್ಟೇ. ಮಚ್ಚೆ ಸ್ಪಷ್ಟವಾಗಿದ್ದರೆ ಚಿಕಿತ್ಸೆಗೆ ಅದೇ ಸಾಕು. ಅನುಮಾನವಿದ್ದರೆ ಎರಡು-ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು.

ತಿಂಗಳುಗಳ ನಂತರ ಲೆಕ್ಕ ಬದಲಾಗುತ್ತದೆ. ಲೈಮ್‌ನಿಂದ ಮೊಣಕಾಲು ಊದಿಕೊಂಡ ಮಗುವಿನಲ್ಲಿ ಆ ಹೊತ್ತಿಗೆ ಟೆಸ್ಟ್ ಹೆಚ್ಚುಕಡಿಮೆ ಖಂಡಿತ ಪಾಸಿಟಿವ್ ಬರುತ್ತದೆ. ಆಗಲೂ ನೆಗೆಟಿವ್ ಅಂದರೆ ಬೇರೆ ಕಾರಣ ಹುಡುಕಲೇಬೇಕು. ಇನ್ನೊಂದು ಮಾತು: ಪ್ರತಿಕಾಯಗಳು ಗುಣವಾದ ಮೇಲೂ ವರ್ಷಗಟ್ಟಲೆ ಉಳಿಯಬಹುದು. ಹಾಗಾಗಿ ಚಿಕಿತ್ಸೆಯ ನಂತರ ಪದೇಪದೇ ಟೆಸ್ಟ್ ಮಾಡಿಸಿ ಪಾಸಿಟಿವ್ ನೋಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ನಮ್ಮ ಮಕ್ಕಳ ಚರ್ಮದ ಮೇಲೆ

ಎಲ್ಲರೂ ಹುಡುಕುವುದು ಬಾಣ ಹೊಡೆಯುವ ಗುರಿಫಲಕದಂಥ ಮಚ್ಚೆಯನ್ನು. ಅನೇಕ ಸಲ ಅದು ಹಾಗೆ ಇರುವುದೇ ಇಲ್ಲ, ಬರೀ ಹರಡುತ್ತಾ ಹೋಗುವ ಕೆಂಪು ಕಲೆಯಾಗಿರುತ್ತದೆ. ಕಂದು, ಕಪ್ಪು ಚರ್ಮದ ಮೇಲೆ ಕೆಂಪು ಎದ್ದು ಕಾಣುವುದಿಲ್ಲ, ನೇರಳೆಯಂತೆಯೋ ಗಾಢ ಕಂದಾಗಿಯೋ ಕಾಣಬಹುದು. ಪಠ್ಯಪುಸ್ತಕದ ಚಿತ್ರಗಳು ಬಹುಪಾಲು ಬಿಳಿ ಚರ್ಮದವು. ಆದ್ದರಿಂದ ಬಣ್ಣಕ್ಕಿಂತ ಬೆಳವಣಿಗೆ ಗಮನಿಸಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ದಿನಾ ಫೋಟೋ ತೆಗೆಯಿರಿ. 5 ಸೆಂಟಿಮೀಟರ್ ದಾಟಿ ಹರಡುತ್ತಿದ್ದರೆ ಅದು ವೈದ್ಯರಿಗೆ ದೊಡ್ಡ ಸುಳಿವು. ನೆತ್ತಿ, ಕಿವಿಯ ಹಿಂದೆ, ಕಂಕುಳು, ತೊಡೆಸಂದಿಗಳನ್ನೂ ನೋಡಿ. ಕಚ್ಚುವ ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಅದು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ಬ್ಯಾಕ್ಟೀರಿಯಾ ದಾಟುವುದರಿಂದ ಸಂಜೆಯ ಸ್ನಾನದ ಹೊತ್ತಿಗೆ ಮಾಡುವ ಈ ತಪಾಸಣೆ ವ್ಯರ್ಥವಲ್ಲ.

ಯಾವ ತಜ್ಞರು, ಯಾವಾಗ?

ತಜ್ಞರ ಅಪಾಯಿಂಟ್‌ಮೆಂಟ್‌ಗೆ ವಾರಗಟ್ಟಲೆ ಕಾಯಬೇಕಾಗಬಹುದು. ಆದರೆ ಆರಂಭದ ಲೈಮ್‌ಗೆ ತಜ್ಞರೇ ಬೇಕಿಲ್ಲ. ಮಕ್ಕಳ ವೈದ್ಯರೇ ಡಾಕ್ಸಿಸೈಕ್ಲಿನ್ ಅಥವಾ ಅಮಾಕ್ಸಿಸಿಲಿನ್ ಬರೆದುಕೊಡಬಹುದು, 10ರಿಂದ 14 ದಿನ ಸಾಕು. ಮುಖದ ಒಂದು ಬದಿ ಜೋತುಬಿದ್ದರೆ, ಕತ್ತು ಬಿಗಿದು ತೀವ್ರ ತಲೆನೋವು ಬಂದರೆ, ಮಗು ತಲೆಸುತ್ತಿ ಬಿದ್ದರೆ, ಜ್ವರದ ಜೊತೆ ಕಾಲೂರಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸೋಂಕು ನರಕ್ಕೆ ಅಥವಾ ಹೃದಯಕ್ಕೆ ತಗುಲಿರಬಹುದು, ಕೀಲಿನಲ್ಲಿ ಕೀವೂ ತುಂಬಿರಬಹುದು. ಗೊಂದಲ ಮುಂದುವರಿದರೆ ಮಕ್ಕಳ ಸೋಂಕುರೋಗ ತಜ್ಞರು, ಕೀಲಿನ ತೊಂದರೆಯಾದರೆ ಮಕ್ಕಳ ಸಂಧಿವಾತ ತಜ್ಞರು.

ಇವರ ನಡುವೆ ಇನ್ನೊಂದು ಬಾಗಿಲೂ ತೆರೆದಿರುತ್ತದೆ. "ದೀರ್ಘಕಾಲದ ಲೈಮ್" ಅಂತ ಹೇಳಿ, ಪ್ರಮಾಣೀಕರಿಸದ ಟೆಸ್ಟ್ ಮಾಡಿಸಿ, ತಿಂಗಳುಗಟ್ಟಲೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡುವ ಕ್ಲಿನಿಕ್‌ಗಳು. ಚಿಕಿತ್ಸೆಯ ನಂತರವೂ ಕೆಲವರಿಗೆ ಸುಸ್ತು, ಮೈಕೈ ನೋವು ಉಳಿಯುವುದು ನಿಜ. ಆದರೆ ದೀರ್ಘಕಾಲ ಆಂಟಿಬಯೋಟಿಕ್ ಕೊಟ್ಟರೆ ಅದು ವಾಸಿಯಾಗುತ್ತದೆ ಎಂಬುದು ನಿಯಂತ್ರಿತ ಪ್ರಯೋಗಗಳಲ್ಲಿ ಸಾಬೀತಾಗಿಲ್ಲ. ಇಂಥ ಚಿಕಿತ್ಸೆಯಿಂದ ಗಂಭೀರ ಸೋಂಕು, ಸಾವು ಕೂಡ ಆಗಿರುವುದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ದಾಖಲಿಸಿದೆ.

ಅಲ್ಲಿಗೆ ಹೋಗುವ ಹೆತ್ತವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಎಲ್ಲರೂ "ಏನಿಲ್ಲ ಬಿಡಿ" ಅಂದಮೇಲೆ ಕೇಳಿಸಿಕೊಳ್ಳುವವರ ಹತ್ತಿರ ಹೋಗುವುದು ಸಹಜ. ಈ ಕಾಯಿಲೆ ಬೆಳಕಿಗೆ ಬಂದದ್ದೇ ತಾಯಂದಿರ ಹಟದಿಂದ. 1975ರಲ್ಲಿ ಕನೆಕ್ಟಿಕಟ್‌ನ ಲೈಮ್ ಸುತ್ತಮುತ್ತ ಮಕ್ಕಳಿಗೆ ಸಂಧಿವಾತ ಬರತೊಡಗಿದಾಗ ಪಾಲಿ ಮರ್ರಿ ಮತ್ತು ಜುಡಿತ್ ಮೆನ್ಶ್ ಎಂಬಿಬ್ಬರು ತಾಯಂದಿರು ಬೆನ್ನುಬಿಡದೆ ದೂರಿದರು. ಯೇಲ್ ವಿಶ್ವವಿದ್ಯಾಲಯದ ಆಲನ್ ಸ್ಟೀರ್ ತನಿಖೆಗೆ ಇಳಿದರು, 1977ರ ವರದಿಯಲ್ಲಿದ್ದ 51 ರೋಗಿಗಳಲ್ಲಿ 39 ಮಂದಿ ಮಕ್ಕಳೇ. ಅಂದು ಸಂಧಿವಾತ ಎಂಬ ಹೆಸರು ಲೈಮ್ ಅನ್ನು ಮರೆಮಾಡಿತ್ತು. ಇಂದು ಲೈಮ್ ಎಂಬ ಹೆಸರಿಗೇ ಅಂಟಿಕೊಂಡರೆ ಮಗುವಿಗೆ ನಿಜವಾಗಿ ಇರಬಹುದಾದ ಸಂಧಿವಾತವೋ ಇನ್ನೊಂದು ಕಾಯಿಲೆಯೋ ಮರೆಯಾಗಬಹುದು. ಹಾಗಾಗಿ "ಲೈಮ್ ಹೌದಾ ಅಲ್ವಾ" ಅಂತ ಕೇಳಿ ನಿಲ್ಲಿಸಬೇಡಿ. "ಅಲ್ಲದಿದ್ದರೆ ಮತ್ತೇನು, ಅದನ್ನು ಹೇಗೆ ಪತ್ತೆ ಮಾಡ್ತೀರಿ?" ಅಂತಲೂ ಕೇಳಿ.

ಊರಿಗೆ ಬರುವವರಿಗೆ ಕೊನೆಯ ಮಾತು. ಅಲ್ಲಿ ಉಣುಗು ಹೆಚ್ಚಾಗಿರುವ ತಿಂಗಳುಗಳಲ್ಲೇ ಶಾಲೆಗೆ ರಜೆ, ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಅಜ್ಜಿ ಮನೆಗೆ ಬರುತ್ತವೆ. ಅಲ್ಲಿ ಕಚ್ಚಿದ್ದು ಇಲ್ಲಿ ಕಾಣಿಸಿಕೊಳ್ಳಬಹುದು. ಇಲ್ಲಿನ ವೈದ್ಯರಿಗೆ ಜ್ವರ ಅಂದರೆ ಮೊದಲು ಹೊಳೆಯುವುದು ಡೆಂಗಿ, ಟೈಫಾಯ್ಡ್. ಉಂಗುರದಂಥ ಮಚ್ಚೆ ಕಂಡರೆ ಹುಳುಕಡ್ಡಿ ಅಂತ ಮೆಡಿಕಲ್ ಶಾಪ್‌ನಲ್ಲೇ ಮುಲಾಮು ಸಿಕ್ಕಿಬಿಡುತ್ತದೆ. ಮುಲಾಮು ಹಚ್ಚುವ ಮೊದಲು ವೈದ್ಯರಿಗೆ ತೋರಿಸಿ, ಮಗು ಎಲ್ಲಿಂದ ಬಂತು, ಯಾವ ದಿನ ಹುಲ್ಲಲ್ಲಿ, ಕಾಡಲ್ಲಿ ಆಡಿತ್ತು ಅಂತ ಅವರು ಕೇಳದಿದ್ದರೂ ನೀವೇ ಹೇಳಿ. ಇಷ್ಟು ಹೇಳಿದರೆ ಸರಿಯಾದ ಔಷಧಿ ಅದೇ ವಾರ ಸಿಗಬಹುದು.