ಕರುಳಿನ ಜೌಗು

ಚನ್ನರಾಯನದುರ್ಗದ ಸೀಮೆಯವರಿಗೆ ಕೆರೆಯ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ತೂಬು ಹೂಳಿನಿಂದ ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತುತ್ತದೆ, ಕೆರೆ ಕೋಡಿ ಬೀಳುತ್ತದೆ, ಹಿನ್ನೀರಿನಂಚಿನ ಹೊಲ ಜೌಗು ಹಿಡಿಯುತ್ತದೆ. ಲಿವರ್ ಗಟ್ಟಿಯಾದಾಗ ಹೊಟ್ಟೆಯೊಳಗೆ ಆಗುವುದೂ ಹೆಚ್ಚುಕಡಿಮೆ ಇದೇ.

ಜಠರ, ಕರುಳು, ಗುಲ್ಮಗಳ ರಕ್ತವೆಲ್ಲ ಪೋರ್ಟಲ್ ಸಿರೆಯೆಂಬ ಒಂದೇ ಕಾಲುವೆಯಲ್ಲಿ ಲಿವರ್ ಸೇರುತ್ತದೆ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಇದರದು. ಈ ಸಿರೆಗೂ ಲಿವರ್‌ನಿಂದ ಹೊರಡುವ ಸಿರೆಗೂ ನಡುವೆ ಒತ್ತಡದ ಅಂತರ ಇರಬೇಕಾದ್ದು 5 ಮಿಲಿಮೀಟರ್ ಪಾದರಸದೊಳಗೆ. ಹೆಂಡದಿಂದಲೋ, ಹೆಪಟೈಟಿಸ್ ಬಿ, ಸಿ ವೈರಾಣುಗಳಿಂದಲೋ, ಕೊಬ್ಬು ಕಟ್ಟಿಯೋ ಲಿವರ್ ಗಂಟುಗಂಟಾದರೆ ಈ ಅಂತರ 10 ದಾಟಬಹುದು. ಆಗ ಅನ್ನನಾಳದ ಸಿರೆಗಳು ಉಬ್ಬುತ್ತವೆ, ಒಡೆದರೆ ರಕ್ತವಾಂತಿ. ಇದು ಕೋಡಿ, ಎಲ್ಲರ ಕಣ್ಣಿಗೂ ಬೀಳುತ್ತದೆ.

ಜೌಗು ಹಿಡಿಯುವುದು ಸಣ್ಣ ಕರುಳಿನಲ್ಲಿ. ಅದರ ಒಳಗೋಡೆಯ ತುಂಬ ಒಟ್ಟಲುಪಾತಿಯ ಪೈರಿನಂತೆ ಒತ್ತಾಗಿ ನಿಂತ ವಿಲ್ಲೈಗಳಿವೆ. ಎತ್ತರ ಹೆಚ್ಚೆಂದರೆ ಒಂದು ಮಿಲಿಮೀಟರ್. ಅಷ್ಟರೊಳಗೇ ಲೋಮನಾಳಗಳ ಒಂದು ಬಲೆ. ಒತ್ತಡ ಹಿಮ್ಮೆಟ್ಟಿ ಬಂದಾಗ ಈ ನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆ ದಪ್ಪವಾಗುತ್ತದೆ, ನೀರು ಸುತ್ತಲಿಗೆ ಜಿನುಗಿ ವಿಲ್ಲೈಗಳು ಮೀನಿನ ಮೊಟ್ಟೆಗಳಂತೆ ಊದಿಕೊಳ್ಳುತ್ತವೆ. ಅಲ್ಲಲ್ಲಿ ಕೆಂಪು ಚುಕ್ಕೆಗಳು ಏಳುತ್ತವೆ. ಸಂಕಟದ ಸಂಗತಿಯೆಂದರೆ, ಈ ಹೊತ್ತಿನಲ್ಲಿ ದೇಹವೇ ನೈಟ್ರಿಕ್ ಆಕ್ಸೈಡನ್ನು ಹೆಚ್ಚಾಗಿ ಹುಟ್ಟಿಸಿ ಕರುಳಿಗೆ ರಕ್ತ ತರುವ ಧಮನಿಗಳನ್ನು ಅಗಲಿಸುತ್ತದೆ. ತೂಬು ಮುಚ್ಚಿದ ಕೆರೆಗೆ ಇನ್ನಷ್ಟು ನೀರು ಬಂದು ಬೀಳುತ್ತದೆ.

ಆ ಚುಕ್ಕೆಗಳಿಂದ ರಕ್ತ ತೊಟ್ಟುತೊಟ್ಟಾಗಿ ಸೋರಬಹುದು. ನೋವಿಲ್ಲ, ವಾಂತಿಯಿಲ್ಲ. ಸುಸ್ತು ಮಾತ್ರ, ದುರ್ಗದ ಬೆಟ್ಟದ ಬುಡದಲ್ಲೇ ಏದುಸಿರು. ಬಾಯಿಂದ ಜಠರವನ್ನೂ ಗುದದಿಂದ ದೊಡ್ಡ ಕರುಳನ್ನೂ ನೋಡುವ ಎಂಡೋಸ್ಕೋಪಿಗೆ ನಡುವಿನ ಸುಮಾರು 6 ಮೀಟರ್ ಸಣ್ಣ ಕರುಳು ಬಹುಪಾಲು ಎಟಕುವುದೇ ಇಲ್ಲ. 2001ರ ಹೊತ್ತಿಗೆ ಬಳಕೆಗೆ ಬಂದ ಕ್ಯಾಪ್ಸೂಲ್ ಕ್ಯಾಮೆರಾ, 26 ಮಿಲಿಮೀಟರ್ ಉದ್ದದ ಆ ನುಂಗುವ ಗುಳಿಗೆ, ಈ ಜೌಗನ್ನು ಉದ್ದಕ್ಕೂ ತೋರಿಸಿಕೊಟ್ಟಿತು.

ಪ್ರೊಪ್ರನಲಾಲ್‌ನಂಥ ಮಾತ್ರೆಗಳು ಪೋರ್ಟಲ್ ಒತ್ತಡ ಇಳಿಸುತ್ತವೆ. ಯಾರಿಗೆ, ಎಷ್ಟು ಎಂಬುದು ವೈದ್ಯರ ತೀರ್ಮಾನ. ಹೆಪಟೈಟಿಸ್ ಬಿ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೂಸು ಹುಟ್ಟಿದ 24 ಗಂಟೆಯೊಳಗೆ ಹಾಕಿಸಿ. ಮನೆಯಲ್ಲಿ ಲಿವರ್ ಕಾಯಿಲೆಯವರು ಇದ್ದು ಅವರ ಹಿಮೋಗ್ಲೋಬಿನ್ ಇಳಿಯುತ್ತಲೇ ಇದ್ದರೆ, ಬರೀ ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ಸಣ್ಣ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ವೈದ್ಯರನ್ನು ಕೇಳಿ.