ಎಂಟನೇ ಕ್ಲಾಸಿಗೇ ಅರ ಹಿಡಿದವರು

ಅಂಗೈಯಗಲದ ಕಬ್ಬಿಣದ ತುಂಡನ್ನು ವೈಸಿಗೆ ಕಚ್ಚಿಸಿ, ಅರದಿಂದ ಉಜ್ಜಿ ಅಂಚು ನೇರ ಮಾಡಬೇಕಿತ್ತು. 'ಆಯ್ತು ಸಾರ್' ಎಂದು ಒಯ್ದರೆ ಮೇಷ್ಟ್ರು ಅದಕ್ಕೆ ಟ್ರೈಸ್ಕ್ವೇರ್ ಒತ್ತಿ ಕಿಟಕಿಯತ್ತ ಹಿಡಿಯುತ್ತಿದ್ದರು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ 'ಇನ್ನೊಂಚೂರು ಉಜ್ಜಪ್ಪಾ' ಎಂದು ವಾಪಸು. ಅಂಗೈ ತುಂಬ ಬೊಬ್ಬೆ. ಜೂನಿಯರ್ ಟೆಕ್ನಿಕಲ್ ಸ್ಕೂಲಿನಲ್ಲಿ ನನ್ನ ಎಂಜಿನಿಯರಿಂಗ್ ಶುರುವಾದದ್ದು ಹೀಗೆ.

ಜೆಟಿಎಸ್ ಅಂದರೆ ಐಟಿಐ ತಾನೇ ಎಂದು ಈಗಲೂ ಕೇಳುತ್ತಾರೆ. ಅಲ್ಲ, ಇದು ಹೈಸ್ಕೂಲೇ. ಭಾಷೆ, ಗಣಿತ, ವಿಜ್ಞಾನದ ಜೊತೆಗೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನ ಮೂಲಪಾಠ, ಎಂಜಿನಿಯರಿಂಗ್ ಗ್ರಾಫಿಕ್ಸ್. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಎಲ್ಲರೂ ದಾಟಿಕೊಂಡು ಹೋಗುವ ಒಂದು ಸಾಲಿದೆಯಲ್ಲ, ಅದು ನಮ್ಮದು.

ನನಗೆ ಅನ್ನ ಕೊಟ್ಟದ್ದು ಗ್ರಾಫಿಕ್ಸ್. ಒಂದು ವಸ್ತುವನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದಂತೆ ಬರೆಯಬೇಕು. ಮೇಲಿನಿಂದ ಕಂಡದ್ದು ಹಾಳೆಯಲ್ಲಿ ಕೆಳಗೆ ಬರುತ್ತದೆ. 'ಇದ್ಯಾವ ನ್ಯಾಯ ಸಾರ್?' ಎಂದೆ. ಮೇಷ್ಟ್ರು ರಟ್ಟೊಂದನ್ನು ಗೋಡೆ, ನೆಲದಂತೆ ಮಡಿಚಿ, ಮೂಲೆಯಲ್ಲಿ ಚಾಕ್‌ಪೀಸ್ ಡಬ್ಬ ಇಟ್ಟರು. ಮೇಲಿನಿಂದ ನೋಡಿದ ಆಕಾರವನ್ನು ನೆಲದ ಮೇಲೆ ಗೀಚಿ, ಡಬ್ಬ ತೆಗೆದು, ನೆಲವನ್ನು ಕೆಳಕ್ಕೆ ಬಿಡಿಸಿದರು. ಗೋಡೆಯ ಚಿತ್ರದ ಕೆಳಗೇ ಬಂದು ಕೂತಿತು! ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ಅಂದರೆ ಇಷ್ಟೇ.

ಈಗ ಪಾಲಿಟೆಕ್ನಿಕ್‌ನಲ್ಲಿ ನಾನೂ ಡ್ರಾಯಿಂಗ್ ಹೇಳಿಕೊಡುತ್ತೇನೆ. ಗೆರೆಯನ್ನು ಕಂಪ್ಯೂಟರ್ ಎಳೆದುಕೊಡುತ್ತದೆ, ಸರಿ. ವಸ್ತುವನ್ನು ತಲೆಯೊಳಗೆ ತಿರುಗಿಸಿ ನೋಡುವವರು ಯಾರು? ಬೇರೆಯವರು ವಾರಗಟ್ಟಲೆ ತಿಣುಕುವ ಕಡೆ ಜೆಟಿಎಸ್ ಮಕ್ಕಳು ಸುಮ್ಮನೆ ದಾಟಿಕೊಳ್ಳುತ್ತಾರೆ. ಗಣಿತಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ನಾನೇ ಮುಗ್ಗರಿಸಿದ್ದೆ.

'ಓದು ಹತ್ತದವರ ಶಾಲೆ' ಎಂದು ನಮ್ಮ ಸೋದರಮಾವ ಅಂದಿದ್ದರು. ದಾರಿ ಮುಚ್ಚಿಹೋಗುತ್ತದೆಂಬ ಭಯ ಅವರದು. ಆದರೆ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪಿಯು ವಿಜ್ಞಾನಕ್ಕೆ ಸೇರಿ ಸಿಇಟಿ ಬರೆಯಬಹುದು. ಬೇಗ ಕೆಲಸ ಬೇಕೆಂದರೆ ಐಟಿಐ ಇದೆ. ನಾನು ಹಿಡಿದದ್ದು 3 ವರ್ಷದ ಡಿಪ್ಲೊಮಾ. ಅದಾದ ಮೇಲೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ನೇರ ಪ್ರವೇಶ.

ಏಳನೇ ಕ್ಲಾಸಿನ ಮಗಳೋ ಮಗನೋ ಮಿಕ್ಸಿ ಬಿಚ್ಚಿ ಹರವಿಕೊಂಡು ಕೂತಿದ್ದರೆ, ಬೈದು ಮುಗಿಸಿದ ಮೇಲೆ ಹತ್ತಿರದ ಪಾಲಿಟೆಕ್ನಿಕ್‌ಗೆ ಹೋಗಿ ಜೆಟಿಎಸ್ ಎಲ್ಲಿದೆ ಎಂದು ವಿಚಾರಿಸಿ. ಊರೂರಿಗೆ ಇಲ್ಲ, ಹುಡುಕಿಕೊಂಡೇ ಹೋಗಬೇಕು.